ಪ್ರವಾಸಿಗರಿಗೆ ಮಾತ್ರ

ದೋಣಿಯವನು ಎಂದಿನಂತೆ ಬೆಳಿಗ್ಗೆ ಕೆರೆಯ ದಡಕ್ಕೆ ಬಂದು ದೋಣಿಯ ಸೀಟುಗಳನ್ನೆಲ್ಲ ಒರೆಸಿದ. ಯಾರೂ ಕೂರದ ಸೀಟಿಗೆ ಕೊಳೆಯಾದರೂ ಎಲ್ಲಿಂದ ಬರಬೇಕು? ಆದರೂ ಒರೆಸಿದ. ಊರಿಗೆಲ್ಲ ಅವನು ಕ್ಯಾಪ್ಟನ್. ಸಾಂಕ್ರಾಮಿಕದ ಭಯಕ್ಕೆ ಹೊರಜಿಲ್ಲೆಯವರು ಬರುವಂತಿಲ್ಲವೆಂದು ಆದೇಶವಾದ ಮೇಲೆ ಕ್ಯಾಪ್ಟನ್ ನೊಣ ಹೊಡೆಯುತ್ತ ಕೂತಿದ್ದ. ಜಿಲ್ಲೆಯವರು ಮಾಸ್ಕ್ ಹಾಕಿಕೊಂಡು, ಅರ್ಧ ಸೀಟು ಖಾಲಿ ಬಿಟ್ಟು ಸುತ್ತಾಡಬಹುದು ಎಂದು ಆಮೇಲೆ ಸಡಿಲಿಕೆಯೇನೋ ಬಂತು. ಜಿಲ್ಲೆಯವರು ಬರಲಿಲ್ಲ, ಅಷ್ಟೇ.

ಕೊನೆಗೆ ಅವನು ದೋಣಿ ಮಾರಲು ಒಪ್ಪಿದ್ದ. ಕೆರೆಯ ಆಚೆ ದಡದ ಮರಳು ವ್ಯಾಪಾರಿ ಭಾನುವಾರ ನೋಡಲು ಬರುವವನಿದ್ದ. ಸೀಟುಗಳನ್ನು ಕಿತ್ತೆಸೆದು ಮರಳು ತುಂಬುತ್ತಾನಂತೆ. ಆ ಮಾತು ಕೇಳಿದಾಗಿನಿಂದ ಕ್ಯಾಪ್ಟನ್‌ಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂದು ಅವನ ಬಾಲ್ಯದ ಗೆಳೆಯ, ಕ್ಷೌರದಂಗಡಿಯವನು, ಬಂದು ಮೆಟ್ಟಿಲ ಮೇಲೆ ಕೂತ. ಅವನ ಅಂಗಡಿಯೂ ಬಣಗುಡುತ್ತಿತ್ತು. ಈ ವರ್ಷದ ಪ್ರವಾಸ ಕೈತಪ್ಪಿತಲ್ಲ ಎಂದು ಅವನು ಗೋಳು ತೋಡಿಕೊಂಡ. ದೂರದ ಯಾವುದೋ ಸರೋವರಕ್ಕೆ ಹೋಗಿ, ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ಸುತ್ತಾಡುವ ಆಸೆ ಅವನಿಗಿತ್ತಂತೆ.

ಕ್ಯಾಪ್ಟನ್‌ಗೆ ಮೈಯೆಲ್ಲ ಉರಿಯಿತು. "ದೋಣಿ ಹತ್ತೋಕೆ ಅಷ್ಟು ದೂರ ಹೋಗ್ಬೇಕೇನೋ? ಕಣ್ಣೆದುರಿಗೆ ಇರೋದು ಏನು, ಎಮ್ಮೆನಾ?"

"ನಿನ್ನ ದೋಣಿ ನಾನು ಹತ್ತೋ ಹಾಗಿದ್ಯಾ? ಬೋರ್ಡಲ್ಲಿ ಏನು ಬರ್ದಿದ್ಯೋ ನೀನೇ ಓದ್ಕೋ."

ದಡದ ಕಂಬದ ಮೇಲೆ ಬೋರ್ಡಿತ್ತು: 'ಪ್ರವಾಸಿಗರಿಗೆ ಮಾತ್ರ'. ಬರೆದವನು ಕ್ಯಾಪ್ಟನ್ನೇ. ಊರಿನವರು ನಮ್ಮವನ ದೋಣಿ ಎಂದು ಪುಕ್ಕಟೆ ಹತ್ತಿ ಕೂರುತ್ತಾರೆಂಬ ಸಿಟ್ಟಿನಲ್ಲಿ ಎಂದೋ ಬರೆದು ನಿಲ್ಲಿಸಿ, ಆಮೇಲೆ ಮರೆತೇಬಿಟ್ಟಿದ್ದ. ಊರಿನವರು ಮರೆತಿರಲಿಲ್ಲ.

"ನೀವು ಪುಕ್ಕಟೆ ಹತ್ತಿದ್ದಕ್ಕೆ ಬರ್ದೆ. ಈಗ ನಾನು ಮುಳುಗ್ತಿದ್ರೂ ಒಬ್ರೂ ಬರ್ಲಿಲ್ವಲ್ಲ. ಊರಿನವರು ಅಂದ್ರೆ ಇಷ್ಟೇನಾ?" ಎಂದ ಕ್ಯಾಪ್ಟನ್.

ಗೆಳೆಯ ಮೆಲ್ಲಗೆ ಕೇಳಿದ. "ಪುಕ್ಕಟೆ ಹತ್ತಿದ್ದು ತಪ್ಪೇ, ಒಪ್ಕೋತೀನಿ. ಆದ್ರೆ ನಿನ್ನ ತಲೆಗೂದಲು ಕತ್ತರಿಸಿದ್ದು ಯಾರು ಹೇಳು?"

ಕ್ಯಾಪ್ಟನ್‌ನ ಕೈ ತಾನಾಗಿ ತಲೆಗೆ ಹೋಯಿತು. ಫೋನಿನಲ್ಲಿ ಆರ್ಡರ್ ಮಾಡಿ ಎಲ್ಲಿಂದಲೋ ತರಿಸಿದ ಮಷಿನ್ನು, ಓಡಿಸಿದವಳು ಹೆಂಡತಿ. ಎಡಗಿವಿಯ ಮೇಲೊಂದು ಬಯಲು, ಬಲಗಿವಿಯ ಮೇಲೊಂದು ಪೊದೆ. ಆ ತಲೆ ಹೊತ್ತುಕೊಂಡೇ ಅವನು ಇಷ್ಟು ದಿನ ಊರಿನವರಿಗೆ ಶಾಪ ಹಾಕುತ್ತಿದ್ದ! ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಎದ್ದು ಬೋರ್ಡನ್ನು ಕಿತ್ತು ಪಕ್ಕಕ್ಕಿಟ್ಟ. ಆಮೇಲೆ ಗೆಳೆಯನ ಅಂಗಡಿಗೆ ನಡೆದು, ಕನ್ನಡಿಯೆದುರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ.

ಮಿಕ್ಕಿದ್ದನ್ನು ಕ್ಷೌರದಂಗಡಿಯವನ ಬಾಯಿ ನೋಡಿಕೊಂಡಿತು. ಅದು ಅವನ ಕತ್ತರಿಗಿಂತ ಚುರುಕು. ಕ್ಯಾಪ್ಟನ್ ಊರಿನವರನ್ನೂ ಹತ್ತಿಸಿಕೊಳ್ಳುತ್ತಾನಂತೆ, ಟಿಕೆಟ್ ಮಾತ್ರ ತಗೋಬೇಕಂತೆ ಎಂಬ ಸುದ್ದಿ ಶನಿವಾರದೊಳಗೆ ಮನೆಮನೆಗೂ ಮುಟ್ಟಿತು.

ಭಾನುವಾರ ಮೊದಲ ದೋಣಿಗೇ ಜನ ಬಂದರು. ಬೇಕರಿಯವಳು, ಔಷಧಿ ಅಂಗಡಿಯವನು, ಕ್ಷೌರದಂಗಡಿಯವನ ಇಡೀ ಸಂಸಾರ. ಒಂದೊಂದು ಸೀಟು ಬಿಟ್ಟು ಕೂತರು. ಕ್ಯಾಪ್ಟನ್‌ನ ಹೆಂಡತಿ ಟಿಕೆಟ್ ಹರಿಯುತ್ತ ಎಲ್ಲರ ಕೈಗೂ ಸ್ಯಾನಿಟೈಸರ್ ಸುರಿದಳು. ಕ್ಯಾಪ್ಟನ್ ಅಭ್ಯಾಸಬಲದಿಂದ ಪ್ರವಾಸಿಗರಿಗೆ ಹೇಳುವ ಪಾಠವನ್ನೇ ಒಪ್ಪಿಸಲು ಶುರುಮಾಡಿದ: "ನಿಮ್ಮ ಎಡಗಡೆ ಕಾಣ್ತಿರೋ ಹಳದಿ ಮನೆ, ಹೆಸರಾಂತ ಸೇನಾಧಿಕಾರಿಯೊಬ್ಬರದ್ದು."

"ಅದು ನಮ್ಮನೆ ಕಣಯ್ಯ. ನಮ್ಮಪ್ಪ ಪೋಸ್ಟ್‌ಮ್ಯಾನು" ಎಂದ ಔಷಧಿ ಅಂಗಡಿಯವನು. "ಇಷ್ಟು ವರ್ಷ ಅವ್ರಿಗೆ ಬಡ್ತಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್."

ಕ್ಯಾಪ್ಟನ್ ನಾಲಿಗೆ ಕಚ್ಚಿಕೊಂಡ. ದೋಣಿಯೇ ಅಲುಗಾಡುವಷ್ಟು ನಕ್ಕರು ಎಲ್ಲರೂ. ಅಲ್ಲಿಂದ ಮುಂದಕ್ಕೆ ಪಾಠ ಪ್ರಯಾಣಿಕರದ್ದೇ ಆಯಿತು. ಯಾವ ಮೆಟ್ಟಿಲಲ್ಲಿ ಯಾರು ಜಾರಿಬಿದ್ದದ್ದು, ಯಾವ ಮರದ ಕೆಳಗೆ ಯಾರ ಮದುವೆ ಮಾತುಕತೆ ಮುರಿದದ್ದು, ಎಲ್ಲವೂ ಹೊರಬಂತು. ಕೆರೆಯ ನಡುವೆ ಬಂದಾಗ ಕ್ಷೌರದಂಗಡಿಯವನು ಊರಿನ ಕಡೆ ತಿರುಗಿ ಕೂತ. ಹುಟ್ಟಿದೂರನ್ನು ಅವನು ನೀರಿನಿಂದ ಹೀಗೆ ಕಣ್ತುಂಬ ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿತ್ತೆಂದರೆ ಅವನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಕ್ಯಾಪ್ಟನ್‌ನ ಫೋನ್ ಬಡಿದುಕೊಂಡಿತು. ಮರಳು ವ್ಯಾಪಾರಿ. ದಡಕ್ಕೆ ಬಂದು ನಿಂತಿದ್ದಾನಂತೆ, ದೋಣಿಯೇ ಕಾಣುತ್ತಿಲ್ಲವಂತೆ. ಕ್ಯಾಪ್ಟನ್ ದಡದತ್ತ ನೋಡಿದ. ಮಾಸ್ಕ್ ಹಾಕಿಕೊಂಡ ಜನ ಅಂತರ ಬಿಟ್ಟು ಮೆಟ್ಟಿಲುದ್ದಕ್ಕೂ ನಿಂತಿದ್ದರು.

"ದೋಣಿ ಕೆಲಸದಲ್ಲಿದೆ ಸ್ವಾಮಿ" ಎಂದ ಕ್ಯಾಪ್ಟನ್. "ಹತ್ತೋದಿದ್ರೆ ಟಿಕೆಟ್ ತಗೊಂಡು ಸಾಲಲ್ಲಿ ನಿಂತ್ಕೊಳ್ಳಿ."