ಮೂರು ಸಲ ಕೇಳಬೇಕ್ರಿ

ಬಾಗಿಲು ಒದ್ದು ಒಳಗೆ ಹೋಗಿ, ಒಂದೇ ಡೈಲಾಗಿನಲ್ಲಿ ದೊಡ್ಡ ಡಾಕ್ಟರ ಫೈಲು ತೆರೆಸಿದ ಗಂಡು ನಾನು, ಬನಹಟ್ಟಿಯ ಬಸವಕುಮಾರ. ನಂಬದಿದ್ದರೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ. ಎಲ್ಲರಿಗೂ ನಾನೇ ಹೇಳಿದ್ದೇನೆ.

ಅಣ್ಣ ಪ್ರಭುಲಿಂಗನ ಮಗಳು ಕಾವ್ಯಳಿಗೆ ಒಂಬತ್ತು ವರ್ಷ. ಮೆದುಳಿನಲ್ಲಿದ್ದ ಗಡ್ಡೆಯನ್ನು ಒಮ್ಮೆ ತೆಗೆದಿದ್ದರು. ಮತ್ತೆ ಬೆಳೆದಿತ್ತು. ಇಂಥ ಮಕ್ಕಳಿಗೆ ಹೊಸ ಔಷಧಿ ಕೊಟ್ಟು ಪರೀಕ್ಷಿಸುವ ಟ್ರಯಲ್‌ಗೆ ಹೆಸರು ಬರೆದುಕೊಳ್ಳಲು ಡಾಕ್ಟರ್ ವೈಶಾಲಿ ಜಮಖಂಡಿಗೆ ಬಂದಿದ್ದರು. ಕಾಗದಪತ್ರ ವಾರದ ಹಿಂದೆಯೇ ಕೊಟ್ಟಿದ್ದರು, ಅಂದು ಕೊನೆಯ ದಿನ. ಸೇರಿಸುವುದೆಂದು ಗಟ್ಟಿ ಮಾಡಿಕೊಂಡೇ ಅಣ್ಣ, ಅವನ ಹೆಂಡತಿ ಮಂಗಲಾ ವೈನಿ, ಕಾವ್ಯ, ನಾನು ಬಸ್ಸು ಹತ್ತಿದ್ದೆವು.

"ಏನ್ ತೀರ್ಮಾನ ಮಾಡಿದ್ರಿ? ಸೇರಿಸ್ತೀರಾ?" ಎಂದರು ಡಾಕ್ಟರು.

"ಬ್ಯಾಡ ಬಿಡ್ರಿ, ನಿಮಗ್ಯಾಕ ತ್ರಾಸ," ಎಂದ ಅಣ್ಣ.

ನಮ್ಮಲ್ಲಿ ಚಹಾಕ್ಕೂ ಹೀಗೆಯೇ. ಮೊದಲ ಸಲಕ್ಕೆ ಒಲ್ಲೆ ಎನ್ನಬೇಕು, ಎರಡನೆಯ ಸಲಕ್ಕೆ ಈಗಷ್ಟೇ ಆತು ಎನ್ನಬೇಕು, ಮೂರನೆಯ ಸಲಕ್ಕೆ ಕಪ್ಪು ಹಿಡಿಯಬೇಕು. ಆದರೆ ಡಾಕ್ಟರು ಮೈಸೂರು ಕಡೆಯವರು.

"ಸರಿ, ನಿಮ್ಮಿಷ್ಟ. ನಾನು ಒತ್ತಾಯ ಮಾಡೋ ಹಾಗಿಲ್ಲ, ಅದು ನಿಯಮ," ಎಂದು ಫೈಲು ಮುಚ್ಚಿದರು.

ನಾವು ಎರಡನೆಯ ಸಲಕ್ಕೆ ಕಾಯುತ್ತ ಕುಳಿತೆವು. ಅವರು ಮುಂದಿನ ಮಗುವನ್ನು ಕರೆದರು.

ಹೊರಗೆ ಬಂದಾಗ ಮಂಗಲಾ ವೈನಿಯ ಮುಖ ಬಿಳುಪೇರಿತ್ತು. "ಇನ್ನೊಮ್ಮಿ ಕೇಳ್ತಾರೇನ್ರಿ?"

"ಇಲ್ಲ ಬೇ. ಫೈಲ ಮುಚ್ಚಿದ್ರು," ಎಂದ ಅಣ್ಣ.

ಆಗಲೇ ನಾನು ಬಾಗಿಲು ಒದ್ದದ್ದು. "ಡಾಕ್ಟರ್, ನಮ್ಮ ಬಾಯಿ ಬ್ಯಾಡ ಅಂದ್ರ ಎದಿ ಬೇಕು ಅಂದಿರತೈತಿ. ಎದಿ ಮಾತ ಬರಕೋರಿ."

ಇಲ್ಲ, ಖರೆ ಹೇಳುತ್ತೇನೆ. ಅಲ್ಲಿ ಬಾಗಿಲೇ ಇರಲಿಲ್ಲ, ಪರದೆ ಇತ್ತು. ಅದನ್ನು ಹಿಡಿದುಕೊಂಡು ನಿಂತದ್ದಷ್ಟೇ ನಾನು. ನನ್ನ ತೋಳಿನ ಕೆಳಗಿನಿಂದ ಕಾವ್ಯ ತೂರಿಕೊಂಡು ಹೋದಳು.

"ಡಾಕ್ಟರ್ರ, ನಮ್ಮನಿಯವರನ್ನ ಮೂರು ಸಲ ಕೇಳಬೇಕ್ರಿ. ಒಂದಕ್ಕ ಹೂಂ ಅನ್ನಂಗಿಲ್ಲ ಇವರು."

ಡಾಕ್ಟರು ಅವಳನ್ನೇ ನೋಡಿದರು. "ನಿನಗೆ ಇಷ್ಟ ಇದೆಯಾ?"

"ಆ ಗುಳಿಗಿಲೆ ಗಡ್ಡಿ ಹೋಗತೈತೇನ್ರಿ?"

"ಗೊತ್ತಿಲ್ಲ ಪುಟ್ಟಾ. ಗೊತ್ತು ಮಾಡ್ಕೊಳ್ಳೋಕೇ ಈ ಟ್ರಯಲ್. ಹೊಟ್ಟೆ ತೊಳಸಬಹುದು. ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು."

"ಬಸ್ಸಿನ್ಯಾಗ ಹೆಂಗೂ ತೊಳಸತೈತಿ. ಆತ ತಗೋರಿ, ನಂದು ಹೂಂ. ನಮ್ಮಪ್ಪನ್ನ ಇನ್ನೆರಡು ಸಲ ಕೇಳ್ರಿ."

ಡಾಕ್ಟರು ಎಲ್ಲರನ್ನೂ ಕರೆದು ಮೊದಲಿನಿಂದ ಮತ್ತೆ ವಿವರಿಸಿದರು. ಅವರು ಮುಗಿಸುವ ಮೊದಲೇ ಅಣ್ಣ ಪೆನ್ನಿಗೆ ಕೈ ಚಾಚಿದ್ದ.

ಇನ್ನೊಂದು ಉಳಿದಿದೆ. ಬ್ಯಾಡ ಬಿಡ್ರಿ ಎಂದದ್ದು ಅಣ್ಣನಲ್ಲ. ಅವನು ಹೂಂ ಎನ್ನಲು ಬಾಯಿ ತೆರೆದಿದ್ದ. ಹಸಿದು ಬಂದವರೆಂದು ತಿಳಿದಾರು ಎಂದು ನಾನು ಅವನ ತೊಡೆ ಚಿವುಟಿ, ನಾನೇ ಅಂದೆ. ಅಣ್ಣ ಮರ್ಯಾದೆಗೆ ಗೋಣು ಹಾಕಿದ. ಚಿವುಟಿದ್ದನ್ನು ಕಾವ್ಯ ನೋಡಿದ್ದಳು. ಇವತ್ತಿಗೂ ಅವಳು ಯಾರಿಗೂ ಹೇಳಿಲ್ಲ.