ಲಿಫ್ಟ್ ಹತ್ತದವಳ ಪ್ರಬಂಧ

ಗ್ರೀಸಿನ ವಾಸನೆ ಮೂಗಿಗಡರಿತು, ನಾಲ್ಕನೇ ಮಹಡಿಗೂ ಐದಕ್ಕೂ ನಡುವೆ ನಿಲ್ಲಿಸಿದ ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅವಳು ಉಕ್ಕಿನ ಹಗ್ಗ ಒರೆಸುತ್ತಿದ್ದಳು, ಒಂದು ಎಳೆ ಕಿತ್ತುಬಂದಿದೆ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬರೆದಿಡಬೇಕು — ಬರೆಯುವುದು ಅಂದರೆ ಸಾಕು, ವಿಶ್ವವಿದ್ಯಾಲಯದಿಂದ ಬಂದ ಪತ್ರ ನೆನಪಾಗುತ್ತದೆ, ನಿಮ್ಮ ಪ್ರಬಂಧ ಇನ್ನೊಬ್ಬ ಅಭ್ಯರ್ಥಿಯ ಪ್ರಬಂಧವೇ ಆಗಿದೆ, ಅವರದು ಮೊದಲು ಬಂದಿದೆ, ನಿಮ್ಮ ಅರ್ಜಿಯನ್ನು ಪರಿಗಣಿಸಲಾಗದು, ಮೂರೇ ಸಾಲು, ಕೊನೆಗೆ ಶುಭಾಶಯ ಬೇರೆ, ಕದ್ದವಳು ಅವಳೇ ಎಂಬಂತೆ. ಆ ವಿಶ್ವವಿದ್ಯಾಲಯವನ್ನು ಹುಡುಕಿದ್ದೇ ಅವಳು, ಪರದೇಶದ ಹದಿನಾಲ್ಕು ಹೆಸರು ಗೋಡೆಗೆ ಅಂಟಿಸಿ ಒಂದೊಂದೇ ಹೊಡೆದುಹಾಕಿದ ಮೇಲೆ ಉಳಿದದ್ದು, ಲಿಫ್ಟುಗಳನ್ನು ಪರೀಕ್ಷಿಸಲೆಂದೇ ಗೋಪುರ ಕಟ್ಟಿಸಿಕೊಂಡ ಎಂಜಿನಿಯರಿಂಗ್ ವಿಭಾಗ, ಚಿಕ್ಕಮ್ಮ ಹಾಸಿಗೆಯ ಮೇಲೆ ಕಾಲು ಚಾಚಿ ಹೇಳಿದ್ದಳು, ಗೋಪುರ ನೀನಿಟ್ಕೋ, ಕಂಪ್ಯೂಟರ್ ವಿಭಾಗ ನಂಗಿರ್ಲಿ, ಇಬ್ಬರಿಗೂ ಒಂದೇ ರೂಮು. ಚಿಕ್ಕಮ್ಮ ಅಂದರೆ ಅಮ್ಮನ ಕೊನೆಯ ತಂಗಿ, ಇವಳಿಗಿಂತ ಹನ್ನೊಂದೇ ತಿಂಗಳು ದೊಡ್ಡವಳು, ಒಂದೇ ಮನೆ, ಒಂದೇ ಬಾಚಣಿಗೆ, ಜಗಳವಾದಾಗ ಮಾತ್ರ ಚಿಕ್ಕಮ್ಮಾ ಎಂದು ರಾಗ ಎಳೆದು ಮರ್ಯಾದೆ ಕೊಡುವುದು — ನಿನ್ನ ಪ್ರಬಂಧ ಒಂದ್ಸಲ ಕೊಡೇ, ಅಂದಿದ್ದಳು ಚಿಕ್ಕಮ್ಮ, ಹೇಗೆ ಶುರು ಮಾಡೋದು ಅಂತ ನೋಡಿ ಕೊಡ್ತೀನಿ, ಕೊಟ್ಟಳು, ಕೊಡದೆ ಇರುವುದಾದರೂ ಹೇಗೆ.

ಮೊನ್ನೆ ಚಿಕ್ಕಮ್ಮನ ವೀಸಾ ಕಾಗದ ಜೋಡಿಸುವಾಗ ಅವಳು ಕಳಿಸಿದ್ದ ಪ್ರಬಂಧ ಕೈಗೆ ಸಿಕ್ಕಿತು, ಲಿಫ್ಟಿನ ನೆತ್ತಿಯ ಮೇಲೆ ಮೊದಲ ಸಲ ನಿಂತಾಗ ನನಗೆ ಹತ್ತೊಂಬತ್ತು — ಯಾರಿಗೆ ಹತ್ತೊಂಬತ್ತು, ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆಂದು ಏಳು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುವ ಈ ಚಿಕ್ಕಮ್ಮನಿಗೆ, ಮೊದಲ ಪುಟದಾಚೆ ಓದಲಾಗಲಿಲ್ಲ. ಕೇಳಿದರೆ ಚಿಕ್ಕಮ್ಮ ಉಗುರು ನೋಡಿಕೊಂಡಳು, ಬೇರೆ ಬೇರೆ ವಿಭಾಗ ಅಲ್ವಾ, ಎರಡನ್ನೂ ಒಟ್ಟಿಗಿಟ್ಟು ಯಾರು ಓದ್ತಾರೆ ಅಂದ್ಕೊಂಡೆ, ನಿಂಗೆ ಬರೆಯೋದು ಸಲೀಸು, ಬೇರೆ ಕಡೆಗೆ ಇನ್ನೊಂದು ಬರಿ. ಒಬ್ಬಳಾದ್ರೂ ಹೋಗ್ಲಿ ಬಿಡು, ಅಮ್ಮ ಅಂದಳು, ಅವಳ ಹೆಸರು ಕೆಡಿಸಿ ನಿಂಗೇನು ಸಿಗುತ್ತೆ, ಬಟ್ಟೆ ಮಡಚುತ್ತಿದ್ದ ಕೈ ಒಂದು ಕ್ಷಣವೂ ನಿಲ್ಲಲಿಲ್ಲ, ಅಮ್ಮನಿಗೆ ಮೊದಲೇ ಗೊತ್ತಿತ್ತು ಎಂದು ಆ ಕೈ ನೋಡಿಯೇ ತಿಳಿಯಿತು, ಈ ಮನೆಯಲ್ಲಿ ಗೊತ್ತಿಲ್ಲದೆ ಇದ್ದವಳು ಅವಳೊಬ್ಬಳೇ.

ಕೆಳಗೆ ಯಾರೋ ಬಾಗಿಲು ತಟ್ಟುತ್ತಾರೆ, ಇನ್ನೂ ಎಷ್ಟೊತ್ತಮ್ಮಾ, ಹತ್ತು ನಿಮಿಷ ಸರ್, ಬಾಯಿ ತಾನಾಗಿ ಹೇಳುತ್ತದೆ, ಬಟ್ಟೆ ಅದೇ ಎಳೆಗೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಸುಮ್ಮನಿದ್ದುಬಿಡುತ್ತಿದ್ದಳೇನೋ, ಎರಡು ದಿನ ಸುಮ್ಮನಿದ್ದಳು ಕೂಡ, ಇವತ್ತು ಬೆಳಿಗ್ಗೆ ಎರಡನೇ ಪುಟ ಓದುವ ತನಕ, ಓದಿದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತೇ ವಿಶ್ವವಿದ್ಯಾಲಯಕ್ಕೆ ಬರೆದಳು, ಬರೆದವಳು ನಾನು, ತಾರೀಕು ಸಮೇತ ಕರಡು ಇಲ್ಲಿದೆ, ಬೆನ್ನ ಹಿಂದೆ ಬೇಡವೆಂದು ಚಿಕ್ಕಮ್ಮನಿಗೂ ಒಂದು ಪ್ರತಿ ಕಳುಹಿಸಿದಳು, ಈಗ ಜೇಬಿನಲ್ಲಿ ಫೋನು ನಡುಗುತ್ತಿದೆ, ಚಿಕ್ಕಮ್ಮ, ಮತ್ತೆ ಚಿಕ್ಕಮ್ಮ, ಆಮೇಲೆ ಅಮ್ಮ, ನಡುಗಲಿ — ನೆತ್ತಿಯ ಮೇಲೆ ನಿಂತದ್ದನ್ನು ತೆಗೆದುಕೋ, ಹತ್ತೊಂಬತ್ತನ್ನೂ ಹೆದರಿಕೆಯನ್ನೂ ತೆಗೆದುಕೋ, ಆದರೆ ಎರಡನೇ ಪುಟದಲ್ಲಿ ಭಾವ ಎಂದು ಬರೆಯಬೇಕಾದ ಕಡೆ ನನ್ನ ಅಪ್ಪ ಎಂದೇ ಬಿಟ್ಟಿದ್ದಳಲ್ಲ, ನನ್ನ ಅಪ್ಪ ಕೆಳಗಿನಿಂದ ಟಾರ್ಚ್ ಹಿಡಿದಿದ್ದರು, ಅವರ ಕಿರುಬೆರಳು ಮಡಚುತ್ತಿರಲಿಲ್ಲ, ಅಪ್ಪ ಹೋಗಿ ಮೂರು ವರ್ಷ, ಆ ಬೆರಳಿನ ಬಗ್ಗೆ ಅವಳು ಬೇರೆಲ್ಲೂ ಬರೆದಿರಲಿಲ್ಲ, ಯಾರ ಮುಂದೂ ಆಡಿರಲಿಲ್ಲ — ಕಣ್ಣಿಗೆ ಹೊಡೆಯುವ ಬೆಳಕು, ಬೆಳಕಿನ ಹಿಂದೆ ಆ ಕೈ, ಟಾರ್ಚಿನ ಸುತ್ತ ನಾಲ್ಕು ಬೆರಳು, ಒಂದು ನೆಟ್ಟಗೆ, ಕತ್ತಲಲ್ಲಿ ಆ ಒಂದು ಬೆರಳು, ನೆಟ್ಟಗೆ, ಆ ಒಂದು ಬೆರಳು