ಭಾವನ ಅಳತೆಯ ಬಟ್ಟೆ

"ಏಳೋ ಬೋಳಿಮಗನೇ. ಸಾಯೋದಿದ್ರೆ ಹಗ್ಗ ಹಿಡ್ಕೊಂಡು ಸಾಯಿ. ಇದು ನಿಮ್ಮಪ್ಪನ ಮನೆ ಜಗಲಿ ಅಲ್ಲ, ಹಡಗು."

ಮೇಸ್ತ್ರಿಯ ಕಾಲು ನನ್ನ ಭಾವನ ಪಕ್ಕೆಗೆ ಬಿತ್ತು. ಭಾವ ಹಗ್ಗದ ಸುರುಳಿಯ ಮೇಲೆ ಮುದುರಿಕೊಂಡಿದ್ದ. ಜ್ವರ ಏರಿ ಏರಿ ಅವನ ತುಟಿ ಸುಟ್ಟ ಕಾಗದದ ಹಾಗೆ ಸುಲಿದಿತ್ತು. ನಾನು ಅಲ್ಲೇ ಪಕ್ಕದಲ್ಲಿ ಕೂತು ಚಿಕ್ಕ ಹಾಯಿಯ ಹರಿದ ಅಂಚು ಹೊಲಿಯುತ್ತಿದ್ದೆ. ಹಾಯಿ ಹೊಲಿಯುವುದೇ ಈ ಹಡಗಿನಲ್ಲಿ ನನ್ನ ಕೆಲಸ. ಅವನಿಗೆ ಕೈಕಾಲು ಆಡುತ್ತಿಲ್ಲ, ಅವನ ಪಾಲಿನ ಹಗ್ಗ ನಾನೇ ಎಳೆಯುತ್ತೇನೆ ಅಂದೆ. ಮೇಸ್ತ್ರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಕಪ್ತಾನನ ಕಡೆ ನೋಡಿದ.

ಕಪ್ತಾನ ತನ್ನ ಬಟ್ಟೆಯ ಚಪ್ಪರದ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತು ಸಿಹಿನೀರಿನಲ್ಲಿ ಮುಖ ತೊಳೆಯುತ್ತಿದ್ದ. ನಮಗೆ ಕುಡಿಯಲು ದಿನಕ್ಕೊಂದು ಲೋಟ, ಅವನ ಗಡ್ಡಕ್ಕೆ ಒಂದು ತಂಬಿಗೆ. ಮುಖ ಒರೆಸಿಕೊಳ್ಳುತ್ತ, ಅದೆಲ್ಲ ನಾಟಕ, ಎಬ್ಬಿಸು ಅಂದ.

ಭಾವ ಎದ್ದ. ಗಾಳಿ ತಿರುಗಿತ್ತು, ದೊಡ್ಡ ಹಾಯಿಯನ್ನು ಏರಿಸಲೇಬೇಕಿತ್ತು. ನಾನು ಸೂಜಿ ಬಿಸಾಕಿ ಅವನ ಹಿಂದೆಯೇ ಹಗ್ಗ ಹಿಡಿದೆ. ನಾವೆಲ್ಲ ಒಂದೇ ಉಸಿರಿಗೆ ಎಳೆದೆವು, ಅವನೂ ಎಳೆದ. ಹಾಯಿ ತುಂಬಿತು, ಹಗ್ಗವನ್ನು ಗೂಟಕ್ಕೆ ಬಿಗಿದರು, ಎಲ್ಲರೂ ಕೈ ಬಿಟ್ಟರು. ಭಾವ ಬಿಡಲಿಲ್ಲ. ಹಗ್ಗ ಹಿಡಿದುಕೊಂಡೇ ಮಂಡಿಯೂರಿ ಕೂತಿದ್ದ. ಸುಧಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಭುಜ ಮುಟ್ಟಿದೆ. ಅವನ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.

ಅವನು ನನ್ನ ಅಕ್ಕನ ಗಂಡ. ನನ್ನನ್ನು ಈ ಹಡಗಿಗೆ ತಂದವನೂ ಅವನೇ, ಸಮುದ್ರದ ಓಕರಿಕೆ ಹತ್ತಿದಾಗ ತಲೆ ಹಿಡಿದವನೂ ಅವನೇ. ನಮ್ಮೆಲ್ಲರಿಗಿಂತ ಎತ್ತರದ ಆಳು. ಕೆಳಗಿನ ಕತ್ತಲೆಕೋಣೆಯ ಹಲಗೆಮಂಚಗಳು ಅವನಿಗೆ ಸಾಲುತ್ತಿರಲಿಲ್ಲ, ಕಾಲು ಯಾವಾಗಲೂ ಹೊರಗೆ. ದಾರಿಯಲ್ಲಿ ಹೋಗುವವರೆಲ್ಲ ಎಡವಿ ಬೈದರೆ, ನನಗಿಂತ ಮುಂಚೆ ನನ್ನ ಕಾಲಿಗೆ ಊರು ಸೇರುವ ಆತುರ ಅನ್ನುತ್ತಿದ್ದ. ಈಗ ನಾವು ಊರಿನ ಕಡೆಗೇ ಹೊರಟಿದ್ದೆವು.

ನೀರಿನ ಮೇಲೆ ಸತ್ತವನಿಗೆ ಗೋರಿ ಇಲ್ಲ, ಚಿತೆ ಇಲ್ಲ. ನಮ್ಮ ಖಲಾಸಿಗಳಲ್ಲಿ ಇರುವುದು ಒಂದೇ ಮರ್ಯಾದೆ. ಅವನು ಎಳೆದ ಹಾಯಿಯ ಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ, ಕಾಲ ಬಳಿ ಕಲ್ಲು ಇಟ್ಟು, ಹೊಲಿದು ಕಳಿಸಬೇಕು. ಕೊನೆಯ ಹೊಲಿಗೆ ಸಂಬಂಧಿಕರ ಕೈಯದು. ಹಡಗು ದಡ ಸೇರಿದಾಗ ಬಂದರುಕಟ್ಟೆಯಲ್ಲಿ, ಧಕ್ಕೆಯ ಮೇಲೆ ನಿಂತ ಹೆಂಗಸರು ಮೊದಲು ಅಳುವುದಿಲ್ಲ, ಮೊದಲು ಕೇಳುತ್ತಾರೆ: ಹೊಲಿದು ಕಳಿಸಿದ್ರಾ? ಹೂಂ ಅಂದರೆ ಕೂತು ಅಳುತ್ತಾರೆ. ಇಲ್ಲ ಅಂದರೆ ಅವರಿಗೆ ಅಳುವುದಕ್ಕೂ ಜಾಗವಿಲ್ಲ, ಜೀವಮಾನವಿಡೀ ಸಮುದ್ರವನ್ನೇ ನೋಡುತ್ತಿರುತ್ತಾರೆ. ನನ್ನ ಅಕ್ಕನೂ ನನ್ನನ್ನು ಅದನ್ನೇ ಕೇಳುತ್ತಾಳೆ.

ಬಟ್ಟೆ ಕೇಳಲು ಕಪ್ತಾನನ ಮುಂದೆ ಹೋಗಿ ನಿಂತೆ. ಹೊಸ ಹಾಯಿಬಟ್ಟೆಯ ಸುರುಳಿ ಅವನ ಕೋಣೆಯಲ್ಲಿತ್ತು, ಬೀಗದ ಕೈ ಅವನ ಸೊಂಟದಲ್ಲಿ.

"ಹಾಯಿಬಟ್ಟೆ ಇರೋದು ಗಾಳಿಗೆ ಕಣೋ, ಹೆಣಕ್ಕಲ್ಲ," ಅಂದ.

"ಹಳೇ ತುಂಡಾದ್ರೂ ಸಾಕು ಧಣಿ."

"ಹಳೇದು ತೇಪೆಗೆ ಬೇಕು. ಹೊಸದು ಮಾಲೀಕರದ್ದು. ನಿನ್ನ ಭಾವ ಬದುಕಿದ್ದಾಗ ಸೊಂಟಕ್ಕೆ ನೆಟ್ಟಗೆ ಬಟ್ಟೆ ಸುತ್ತಿದ್ನೇನೋ? ಸತ್ತ ಮೇಲೆ ಜರತಾರಿ ಬೇಕಾ ಸೂಳೆಮಗನಿಗೆ?"

ಮೇಸ್ತ್ರಿ ನಕ್ಕ. ಕಪ್ತಾನ ನಕ್ಕಾಗ ನಗುವುದು ಅವನ ಕೆಲಸದಲ್ಲೇ ಸೇರಿತ್ತು. ಅಡುಗೆಕೋಣೆಯಲ್ಲಿ ಖಾಲಿ ಹಿಟ್ಟಿನ ಚೀಲವಿದೆ, ಅದರಲ್ಲಿ ತುಂಬಿ ಬಿಸಾಕಿ, ಮೀನುಗಳಿಗೂ ಹೊಲಿಗೆ ಬಿಚ್ಚುವ ಕಷ್ಟ ತಪ್ಪುತ್ತದೆ ಅಂತ ಕಪ್ತಾನ ಅಪ್ಪಣೆ ಕೊಟ್ಟ. ನಾನು ಕೈ ಮುಗಿದೆ. ಹೌದು, ಮುಗಿದೆ. ಅಭ್ಯಾಸಬಲ ಅನ್ನುವುದು ನಾಯಿಯ ಬಾಲದಂಥದ್ದು, ಸಿಟ್ಟು ಬಂದರೂ ಅಲ್ಲಾಡುತ್ತದೆ.

ಅಡುಗೆಯವನು ಚೀಲ ಕೊಡವಿ ಕೊಟ್ಟ. ಅದರಲ್ಲಿ ಹಳಸಿದ ಹಿಟ್ಟಿನ ವಾಸನೆ, ಮೂಲೆಯಲ್ಲಿ ಹುಳ. ಭಾವನನ್ನು ತಲೆಯ ಕಡೆಯಿಂದ ಒಳಗೆ ಇಳಿಸಿದೆವು. ಚೀಲ ಮಂಡಿಗೇ ಮುಗಿಯಿತು. ಬಿರುಕುಬಿಟ್ಟ ಎರಡು ಹಿಮ್ಮಡಿಗಳು ಬಿಸಿಲಿಗೆ ಮುಖ ಮಾಡಿಕೊಂಡು ಹೊರಗೇ ಉಳಿದವು. ಖಲಾಸಿಗಳೆಲ್ಲ ಸುತ್ತ ನಿಂತಿದ್ದರು. ನಾನು ಸೂಜಿಗೆ ದಾರ ಪೋಣಿಸಿಕೊಂಡು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಕೂತೆ.

ಮೇಸ್ತ್ರಿ ಬಂದು ಬಗ್ಗಿ ನೋಡಿದ.

"ಇದಕ್ಕೇನು ಯೋಚನೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವಾ? ಮಂಡಿ ಮುರಿದು ತುಂಬು. ಹೆಣಕ್ಕೇನು ನೋವಾಗುತ್ತಾ?"

ಬೆತ್ತದ ತುದಿಯಿಂದ ಭಾವನ ಮಂಡಿ ಮುಟ್ಟಿ, ಇಲ್ಲಿಗೆ ಅಂತ ತೋರಿಸಿಯೂ ಬಿಟ್ಟ.

ಹಡಗಿನ ಮೇಲೆ ಅಪ್ಪಣೆ ಹುಟ್ಟುವುದು ಒಂದೇ ಬಾಯಲ್ಲಿ. ಕಪ್ತಾನ ಹೇಳುತ್ತಾನೆ, ಮೇಸ್ತ್ರಿ ಕೂಗುತ್ತಾನೆ, ನಾವು ಎಳೆಯುತ್ತೇವೆ. ಕಪ್ತಾನನನ್ನು ಕೇಳದೆ ಸೀನಿದರೂ ತಪ್ಪು ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತಿದ್ದೆವು. ಹಾಗಿರುವಾಗ ಡೆಕ್ಕಿನ ಮೇಲೆ ಒಂದು ದನಿ ಎದ್ದಿತು.

"ದೊಡ್ಡ ಹಾಯಿ ಇಳಿಸ್ರೋ."

ಎಲ್ಲರೂ ನನ್ನನ್ನೇ ನೋಡಿದರು. ದನಿ ನನ್ನದೇ ಆಗಿತ್ತು. ಬಾಯಿಂದ ಹೊರಟ ಮಾತನ್ನು ನುಂಗಿಕೊಳ್ಳುವ ಮನಸ್ಸಾಗಲಿಲ್ಲ.

ಮೊದಲು ಅಲ್ಲಾಡಿದವನು ಚುಕ್ಕಾಣಿ ಹಿಡಿಯುವ ಮುದುಕ. ಕಪ್ತಾನ ಹೇಳಿದರೆ ಬಂಡೆಗೂ ಹಡಗು ಹಾಯಿಸುವ ಆಸಾಮಿ ಅಂತ ನಾವು ಅವನನ್ನು ಆಡಿಕೊಳ್ಳುತ್ತಿದ್ದೆವು. ತುಂಬಿದ ಹಾಯಿಯನ್ನು ಹಾಗೇ ಇಳಿಸಲಾಗುವುದಿಲ್ಲ, ಮೊದಲು ಹಡಗಿನ ಮೂತಿಯನ್ನು ಗಾಳಿಗೆ ಎದುರು ತಿರುಗಿಸಬೇಕು. ಮುದುಕ ಯಾರ ಮುಖವನ್ನೂ ನೋಡದೆ ಚುಕ್ಕಾಣಿಯ ಚಕ್ರವನ್ನು ಪೂರ್ತಿ ತಿರುಗಿಸಿದ. ಹಡಗು ನರಳುತ್ತ ಹೊರಳಿತು. ಹಾಯಿಯ ಹೊಟ್ಟೆ ಇಳಿದು ಬಟ್ಟೆ ಪಟಪಟನೆ ಬಡಿದುಕೊಂಡಿತು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಹಗ್ಗಗಳು ಬಿಚ್ಚಿದವು, ಹಾಯಿ ಮಡಿಕೆ ಮಡಿಕೆಯಾಗಿ ಇಳಿದು ಡೆಕ್ಕನ್ನೆಲ್ಲ ಮುಚ್ಚಿತು. ಹಡಗು ನಡುನೀರಿನಲ್ಲಿ ನಿಂತುಬಿಟ್ಟಿತು.

ಚೀಲವನ್ನು ಎತ್ತಿ ಎಸೆದೆ. ಭಾವನನ್ನು ಹಾಯಿಯ ಮೇಲೆ ಮಲಗಿಸಿ, ಅವನು ಎಷ್ಟು ಉದ್ದವೋ ಅಷ್ಟಕ್ಕೂ ಗುರುತು ಹಾಕಿದೆ. ಒಂದು ಗೇಣೂ ಜಿಪುಣತನ ಮಾಡಲಿಲ್ಲ. ಚಾಕು ತೆಗೆಯುವಷ್ಟರಲ್ಲಿ ಕಪ್ತಾನ ಪಿಸ್ತೂಲು ಹಿಡಿದು ಬಂದ. ಮತ್ತೆ ಮುಖ ತೊಳೆಯುತ್ತಿದ್ದನೇನೋ, ಗಡ್ಡದಿಂದ ಸಿಹಿನೀರು ತೊಟ್ಟಿಕ್ಕುತ್ತಿತ್ತು.

"ಚಾಕು ಬಿಸಾಕು. ಒಂದು ಎಳೆ ಕತ್ತರಿಸಿದ್ರೂ ಸುಟ್ಟುಬಿಡ್ತೀನಿ."

"ಸುಡಿ," ಅಂದೆ. "ಆಮೇಲೆ ನನಗೂ ಇದರಲ್ಲೇ ಕತ್ತರಿಸ್ತಾರೆ. ಹಾಯಿ ದೊಡ್ಡದಿದೆ, ನಮಗೆಲ್ಲ ಆಗುತ್ತೆ. ಕೊನೆಗೆ ಹಗ್ಗ ಎಳೆಯೋಕೆ ನೀವಿಬ್ರೇ ಉಳೀತೀರ, ನೋಡ್ಕೊಳ್ಳಿ."

ಪಿಸ್ತೂಲಿನ ಬಾಯಿ ನನ್ನ ಹಣೆಯಿಂದ ಪಕ್ಕದವನ ಎದೆಗೆ ಹೋಯಿತು, ಅಲ್ಲಿಂದ ಇನ್ನೊಬ್ಬನಿಗೆ. ಯಾರೂ ಹಿಂದೆ ಸರಿಯಲಿಲ್ಲ. ಸರಿದವನು ಮೇಸ್ತ್ರಿ ಒಬ್ಬನೇ, ಕಪ್ತಾನನ ಪಕ್ಕದಿಂದ ಎರಡು ಹೆಜ್ಜೆ ಆಚೆಗೆ. ದಡ ಸೇರಿದ ಮೇಲೆ ನಿಮ್ಮೆಲ್ಲರ ಕುತ್ತಿಗೆಗೂ ಹಗ್ಗ ಬೀಳುತ್ತದೆ ಅಂತ ಕಪ್ತಾನ ಕಿರುಚಿದ.

"ಹಗ್ಗ ನಮಗೇನು ಹೊಸದಾ ಧಣಿ?" ಅಂದ ಅಡುಗೆಯವನು. ಅವನು ಜಿರಲೆಗೂ ಹೆದರುವ ಮನುಷ್ಯ.

ನಾನು ಚಾಕು ಇಳಿಸಿದೆ. ಒಳ್ಳೆಯ ಬಟ್ಟೆ ಕತ್ತರಿಸುವಾಗ ನನ್ನ ಕೈ ಯಾವಾಗಲೂ ಹಿಂಜರಿಯುತ್ತದೆ, ಆವತ್ತು ಹಿಂಜರಿಯಲಿಲ್ಲ. ಭಾವನನ್ನು ಸುತ್ತಿದೆವು. ಕಾಲ ಬಳಿ ಇಡಲು, ಹಡಗು ಮಗುಚದಿರಲಿ ಅಂತ ತಳದಲ್ಲಿ ತುಂಬಿದ್ದ ಕಲ್ಲು ಹೊತ್ತು ತಂದರು. ಹೊಲಿಯುವಾಗ ಅತ್ತೆ, ಮೂಗು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಮುಖದ ಮೇಲಿನ ಕೊನೆಯ ಹೊಲಿಗೆ ಹಾಕುವ ಮುಂಚೆ, ಅಕ್ಕನಿಗೆ ನಾನು ಹೇಳುತ್ತೇನೆ ಅಂತ ಅವನ ಕಿವಿಯಲ್ಲಿ ಹೇಳಿದೆ. ಎಲ್ಲರೂ ಎತ್ತಿ ಹಲಗೆಯ ಮೇಲಿಟ್ಟು ಜಾರಿಸಿದರು. ಅವನು ನೆಟ್ಟಗೆ ಕಾಲು ಚಾಚಿಕೊಂಡೇ ಹೋದ.

ಆಮೇಲೆ ಕಪ್ತಾನನಿಗೆ ಬುದ್ಧಿ ಬಂತೋ ಭಯ ಬಂತೋ, ತಾನೇ ಬೀಗ ತೆಗೆದು ಹೊಸ ಬಟ್ಟೆಯ ಸುರುಳಿಯನ್ನು ಹೊತ್ತು ತಂದು ನನ್ನ ಮುಂದೆ ಹಾಕಿದ. ಆದದ್ದಾಯಿತು, ಬೇಗ ತೇಪೆ ಹಾಕು ಅಂದ. ಬೆಳಿಗ್ಗೆ ಇಲ್ಲದ ಬಟ್ಟೆ ಸಂಜೆಗೆ ಹುಟ್ಟಿತ್ತು.

"ಹಾಕಲ್ಲ," ಅಂದೆ. "ಹೆಣಕ್ಕಿಲ್ಲದ ಬಟ್ಟೆ ಹಾಯಿಗೂ ಇಲ್ಲ."

ಹಾಗಂತ ಸುಮ್ಮನೆ ಕೂರಲಿಲ್ಲ. ತೂತಿನ ಅಂಚನ್ನು ಸುತ್ತಲೂ ಮಡಚಿ, ಒಳಗೆ ತೆಳು ಹಗ್ಗ ಇಟ್ಟು, ಒತ್ತೊತ್ತಾಗಿ ಹೊಲಿದೆ. ಎಂಥ ಗಾಳಿ ಬಂದರೂ ಹಾಯಿ ಹರಿಯಬಾರದು, ತೂತು ತೂತಾಗಿಯೇ ಉಳಿಯಬೇಕು. ಅಷ್ಟು ಚೆನ್ನಾಗಿ ನಾನು ಇನ್ಯಾವ ಕೆಲಸವನ್ನೂ ಮಾಡಿರಲಿಲ್ಲ. ಮುಗಿದ ಮೇಲೆ ಏರಿಸಿರೋ ಅಂದೆ, ಏರಿಸಿದರು. ಹಾಯಿಯ ನಡುವೆ ಒಬ್ಬ ಮನುಷ್ಯನಷ್ಟು ಆಕಾಶ ಕಂಡಿತು.

ತೂತಿನ ಹಾಯಿಗೆ ಹಡಗು ಕುಂಟುತ್ತಲೇ ನಡೆಯಿತು, ಹೇಳಿದ ದಿನಕ್ಕೆ ತಲುಪಲಿಲ್ಲ. ಕಪ್ತಾನ ಚಪ್ಪರದ ಕೆಳಗೇ ಕೂತಿದ್ದ, ಆದರೆ ಕುರ್ಚಿಯನ್ನು ಹಾಯಿಗೆ ಬೆನ್ನು ಮಾಡಿ ತಿರುಗಿಸಿಕೊಂಡಿದ್ದ. ಮೇಸ್ತ್ರಿ ಬೆತ್ತ ಹಿಡಿದು ಓಡಾಡುತ್ತಿದ್ದ, ಅದನ್ನು ಯಾರ ಮೇಲೂ ಎತ್ತಲಿಲ್ಲ. ದಡದಲ್ಲಿ ನಮಗೇನು ಕಾದಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೆಳಗಿನ ಕೋಣೆಯಲ್ಲಿ ಅದರ ಬಗ್ಗೆ ಮಾತಾಡಿದೆವು, ಹೆದರಿದೆವು ಕೂಡ. ತೇಪೆಯ ಮಾತನ್ನು ಮಾತ್ರ ಒಬ್ಬನೂ ಎತ್ತಲಿಲ್ಲ.

ಊರಿನ ಬಂದರು ಕಂಡ ದಿನ ಕಪ್ತಾನ ಎದ್ದು ನಿಂತ. ದೊಡ್ಡ ಹಾಯಿ ಇಳಿಸಿ, ಇಲ್ಲೇ ಹೊರಗೆ ಲಂಗರು ಹಾಕಿ ಅಂದ. ಜನರ ಕಣ್ಣಿಗೆ ಆ ತೂತು ಬೀಳುವ ಮುಂಚೆ ನಮ್ಮನ್ನು ದೋಣಿಯಲ್ಲಿ ಸೆರೆಮನೆಗೆ ಸಾಗಿಸಿಬಿಡುವ ಲೆಕ್ಕ ಅವನದು. ಮೇಸ್ತ್ರಿ ಅದನ್ನೇ ಜೋರಾಗಿ ಕೂಗಿದ. ಯಾರೂ ಹಗ್ಗ ಬಿಚ್ಚಲಿಲ್ಲ. ಚುಕ್ಕಾಣಿಯ ಮುದುಕ ಎಂಜಲು ಉಗಿದು ನೇರ ಧಕ್ಕೆಯ ಕಡೆಗೇ ಹಡಗು ಬಿಟ್ಟ.

ಧಕ್ಕೆಯ ಮೇಲೆ ಹೆಂಗಸರು ಸೇರಿದ್ದರು. ಅವರಲ್ಲಿ ಅಕ್ಕ ಎಲ್ಲಿದ್ದಾಳೋ ನನಗಿನ್ನೂ ಕಾಣುತ್ತಿರಲಿಲ್ಲ. ಹತ್ತಿರವಾದ ಹಾಗೆ ಒಬ್ಬೊಬ್ಬರೇ ಕತ್ತೆತ್ತಿ ಹಾಯಿಯ ನಡುವಿನ ಮನುಷ್ಯನಷ್ಟು ತೂತನ್ನು ನೋಡಿದರು. ಕಪ್ತಾನ ಇಳಿಸಿ ಇಳಿಸಿ ಅಂತ ಮತ್ತೆ ಕೂಗಿದ. ನಾವೆಲ್ಲ ಹಗ್ಗ ಹಿಡಿದು, ಒಂದೇ ಉಸಿರಿಗೆ, ಹಾಯಿಯನ್ನು ಇನ್ನೂ ಒಂದು ಮಾರು ಮೇಲಕ್ಕೆ ಎಳೆದೆವು.